ಪ್ಲಾಸ್ಮಾ ಒಂದೇ ಸಮ ಉರಿಯಬೇಕಾದರೆ: ಮೈಕ್ರೋವೇವ್ ಕ್ಯಾವಿಟಿಗೆ ಒಂದು ಕೈಪಿಡಿ

ಬಳ್ಳಾರಿಯ ನಮ್ಮ ಕಾಲೇಜು ಲ್ಯಾಬಿನಲ್ಲಿ ಮೊದಲ ಸಲ ಪ್ಲಾಸ್ಮಾ (ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿಕೊಂಡು ಬೆಳಗುವ ಅನಿಲ) ಹೊತ್ತಿಕೊಂಡಾಗ ಹುಡುಗರು ಚಪ್ಪಾಳೆ ಹೊಡೆದರು. 40 ಸೆಂ.ಮೀ. ಉದ್ದದ ಕ್ವಾರ್ಟ್ಜ್ ಕೊಳವೆ, ಒಳಗೆ ಆರ್ಗಾನ್, ಒಂದು ತುದಿಯಲ್ಲಿ ತಿಳಿ ನೇರಳೆ ಬೆಳಕು. ಚಪ್ಪಾಳೆ ನಿಂತ ಮೇಲೆ ಸರಿಯಾಗಿ ನೋಡಿದೆವು. ಬೆಳಕು ಆ ಒಂದು ತುದಿಯಲ್ಲಿ ಮಾತ್ರ ಇತ್ತು. ನಡುವೆ ಮಂದ, ಆಚೆ ತುದಿಯಲ್ಲಿ ಕತ್ತಲು. ಮೈಕ್ರೋವೇವ್ ಪವರ್ ಏರಿಸಿದೆವು. ಬೆಳಗುತ್ತಿದ್ದ ತುದಿ ಇನ್ನೂ ಜಾಸ್ತಿ ಬೆಳಗಿತು. ಕತ್ತಲಿದ್ದದ್ದು ಕತ್ತಲಾಗಿಯೇ ಉಳಿಯಿತು.

ಪಂಪಿಗೆ ಎಣ್ಣೆ ಹಾಕಲು ಬಂದಿದ್ದ ನಮ್ಮ ಅಟೆಂಡರ್ ಮಾನ್ವಿ ಕಡೆಯವರು. ಸ್ವಲ್ಪ ಹೊತ್ತು ನಿಂತು ನೋಡಿದರು. "ಇದು ನಮ್ಮ ಕಾಲುವಿ ಇದ್ದಂಗ ಐತಲ್ರಿ ಸರ. ಮ್ಯಾಲಿನೋರು ಎಲ್ಲಾ ಎಳಕೊಂಡ್ರ ಕೆಳಗಿನೋರಿಗೆ ಏನ್ ಬರ್ತೈತಿ?" ಅಂದರು.

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಮಾನ್ವಿಯಂಥ ಕಡೆ, ಹೊಲ ಇರುವವರಿಗೆ ಈ ಮಾತು ವಿವರಿಸಬೇಕಿಲ್ಲ. ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರೂ, ಮೇಲಿನ ತೂಬುಗಳು ಹೇಗಿವೆ ಅನ್ನುವುದರ ಮೇಲೆ ಕೆಳಗಿನ ಗದ್ದೆಯ ಹಣೆಬರಹ ನಿಂತಿರುತ್ತದೆ. ನಮ್ಮ ಕೊಳವೆಯಲ್ಲೂ ಆಗಿದ್ದು ಅದೇ. ಪವರ್ ಕಡಿಮೆ ಇರಲಿಲ್ಲ, ಹಂಚಿಕೆ ಸರಿ ಇರಲಿಲ್ಲ. ಅದನ್ನು ಸರಿ ಮಾಡುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಯಾವಿಟಿ ಅಂದರೆ ಮೈಕ್ರೋವೇವ್ ಅಲೆಯನ್ನು ಒಳಗೇ ಹಿಡಿದಿಡುವ ಲೋಹದ ಪೆಟ್ಟಿಗೆ. ಫೈನಲ್ ಇಯರ್ ಪ್ರಾಜೆಕ್ಟ್ ಮಾಡುವವರು, ಭೌತಶಾಸ್ತ್ರದ ಮೇಷ್ಟ್ರುಗಳು, ಕುತೂಹಲ ಇರುವ ಯಾರೇ ಆಗಲಿ ಓದಬಹುದು. ಮೊದಲ ಹೆಜ್ಜೆಯ ಹಪ್ಪಳ, ಬಿಲ್ ಕಾಗದ ಮನೆಯಲ್ಲೇ ಆಗುವಂಥವು. ಉಳಿದದ್ದೆಲ್ಲ ಲ್ಯಾಬಿನ ಕೆಲಸ.

ಮೊದಲು ಸ್ವಲ್ಪ ಬೈಗುಳ

ವಿಡಿಯೋ ನೋಡಿ ಮನೆಯ ಮೈಕ್ರೋವೇವ್ ಓವನ್ ಬಿಚ್ಚಲು ಹೋಗಬೇಡಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಸುಮಾರು 2,000 ವೋಲ್ಟ್ ಕೊಡುತ್ತದೆ. ಕೆಪಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು 4,000 ವೋಲ್ಟಿನ ಆಸುಪಾಸಿಗೆ ಏರಿಸುತ್ತವೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಇದು ಜುಂ ಅನ್ನಿಸಿ ಬಿಡುವಂಥದ್ದಲ್ಲ, ಜೀವ ತೆಗೆಯುತ್ತದೆ. ಮೈಕ್ರೋವೇವ್ ಹುಟ್ಟಿಸುವ ಭಾಗದ ಹೆಸರು ಮ್ಯಾಗ್ನೆಟ್ರಾನ್. ಕೆಲವು ಮ್ಯಾಗ್ನೆಟ್ರಾನ್‌ಗಳ ಸೆರಾಮಿಕ್ ಭಾಗದಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಒಡೆದು ಪುಡಿಯಾದರೆ ಶ್ವಾಸಕೋಶಕ್ಕೆ ವಿಷ.

ಲ್ಯಾಬಿನಲ್ಲಾದರೂ ಮೂರು ವಿಷಯ ಬಿಡಬೇಡಿ. ಬಾಗಿಲು ಅಥವಾ ಫ್ಲ್ಯಾಂಜ್ (ಎರಡು ಭಾಗಗಳನ್ನು ಬೋಲ್ಟ್ ಹಾಕಿ ಸೇರಿಸುವ ಅಂಚು) ತೆಗೆದರೆ ಪವರ್ ತಾನಾಗೇ ಕಡಿಯುವ ಇಂಟರ್‌ಲಾಕ್ ಇರಲಿ. ಲೀಕೇಜ್ ಮೀಟರ್ ಹಿಡಿದು ಪ್ರತಿ ಜಾಯಿಂಟ್ ಸುತ್ತ ನೋಡಿ. ಅಡುಗೆ ಓವನ್‌ಗಳಿಗೆ ಅಮೆರಿಕದ ನಿಯಮದ ಮಿತಿ, 5 ಸೆಂ.ಮೀ. ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್. ಅದರ ಹತ್ತಿರಕ್ಕೂ ಹೋಗದಂತೆ ನೋಡಿಕೊಳ್ಳಿ. ಕಣ್ಣಿನ ಮಸೂರದಲ್ಲಿ ರಕ್ತ ಹರಿಯುವುದಿಲ್ಲ, ಹಾಗಾಗಿ ಅಲ್ಲಿ ಹುಟ್ಟಿದ ಶಾಖ ಬೇಗ ಹೊರಗೆ ಹೋಗುವುದಿಲ್ಲ. ಕಿಂಡಿಯಿಂದ ಇಣುಕುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಕಿಂಡಿಗೆ ಸಣ್ಣ ತೂತಿನ ಲೋಹದ ಜಾಲರಿ ಇಲ್ಲದೆ ಇಣುಕಬಾರದು. ಕ್ವಾರ್ಟ್ಜ್ ಮೂಲಕ ಅಲ್ಟ್ರಾವಯಲೆಟ್ ಕೂಡ ಹೊರಗೆ ಬರುತ್ತದೆ, ಆದ್ದರಿಂದ ಅದನ್ನು ತಡೆಯುವ ಕನ್ನಡಕ ಬೇಕು.

ಮೂರನೆಯದು ನಮ್ಮ ಕಡೆಯವರಿಗೆ ವಿಶೇಷವಾಗಿ ಬೇಕಾದದ್ದು: ಕರೆಂಟ್ ಹೋಗಿ ಬಂದಾಗ ಹೈವೋಲ್ಟೇಜ್ ತಾನಾಗೇ ಆನ್ ಆಗಬಾರದು. ಮತ್ತೆ ಬಟನ್ ಒತ್ತಿದರೆ ಮಾತ್ರ ಆನ್ ಆಗುವ ಕಾಂಟ್ಯಾಕ್ಟರ್ ಹಾಕಿಸಿ. ಖರ್ಚು ಹೆಚ್ಚೇನಲ್ಲ.

ಹೆಜ್ಜೆ 1: ಹಪ್ಪಳದ ಮೇಲೆ ಅಲೆ ನೋಡಿ

ಮನೆಯ ಓವನ್ನಿನ ತಿರುಗುವ ತಟ್ಟೆ ತೆಗೆಯಿರಿ. ಕೆಳಗಿನ ಚಕ್ರದ ಬಳೆಯನ್ನೂ ತೆಗೆದು, ತಿರುಗದ ಹಾಗೆ ಒಂದು ಗಾಜಿನ ತಟ್ಟೆ ಇಡಿ. ಅದರ ಮೇಲೆ ನಾಲ್ಕು ಹಸಿ ಉದ್ದಿನ ಹಪ್ಪಳವನ್ನು ಅಂಚಿಗೆ ಅಂಚು ತಾಗಿಸಿ ಜೋಡಿಸಿ. 15 ಸೆಕೆಂಡ್ ಬಿಡಿ, ನೋಡಿ, ಬೇಕಾದರೆ ಇನ್ನೊಂದು 10 ಸೆಕೆಂಡ್. ಎದುರಿಗೇ ನಿಂತಿರಿ, ಹಪ್ಪಳ ಹೊತ್ತಿಕೊಳ್ಳುವ ವಸ್ತು.

ಹಪ್ಪಳ ಪೂರ್ತಿ ಉಬ್ಬುವುದಿಲ್ಲ. ಅಲ್ಲಲ್ಲಿ ಬಿಳಿ ಗುಳ್ಳೆಗಳ ದ್ವೀಪ, ನಡುನಡುವೆ ಹಸಿ ಹಳದಿ. ಆ ದ್ವೀಪಗಳೇ ವಿದ್ಯುತ್ ಕ್ಷೇತ್ರ ಜೋರಾಗಿರುವ ಜಾಗ. ಗೋಡೆಗೆ ಬಡಿದು ವಾಪಸ್ ಬರುವ ಅಲೆ, ಹೋಗುವ ಅಲೆಯ ಜೊತೆ ಸೇರಿ ನಿಂತ ಅಲೆ ಆಗುತ್ತದೆ. ಅದರ ಉಬ್ಬು ತಗ್ಗು ಜಾಗ ಬಿಟ್ಟು ಕದಲುವುದಿಲ್ಲ. ಓವನ್ನಿನ ಫ್ರೀಕ್ವೆನ್ಸಿ 2.45 ಗಿಗಾಹರ್ಟ್ಜ್, ಅಲೆಯ ಉದ್ದ 12.2 ಸೆಂ.ಮೀ. ಉಬ್ಬಿನಿಂದ ಉಬ್ಬಿಗೆ ಅದರ ಅರ್ಧ, ಅಂದರೆ ಸುಮಾರು 6.1 ಸೆಂ.ಮೀ.

ಸ್ಕೇಲ್ ಹಿಡಿದು ಅಳೆಯಿರಿ. ಸಿಕ್ಕಿದ್ದನ್ನು ಎರಡರಿಂದ ಗುಣಿಸಿ, ಅದನ್ನು 245 ಕೋಟಿಯಿಂದ ಗುಣಿಸಿ. ಬೆಳಕಿನ ವೇಗ, ಸೆಕೆಂಡಿಗೆ 3 ಲಕ್ಷ ಕಿ.ಮೀ. ಹತ್ತಿರಹತ್ತಿರ ಬಂದುಬಿಡುತ್ತದೆ. ಎಲ್ಲಾ ದ್ವೀಪಗಳೂ ಸರಿಯಾಗಿ 6.1ಕ್ಕೆ ಬರುವುದಿಲ್ಲ, ಯಾಕೆಂದರೆ ಓವನ್ ದೊಡ್ಡ ಪೆಟ್ಟಿಗೆ. ಅದರಲ್ಲಿ ಒಂದೇ ಸಲಕ್ಕೆ ಹಲವು ಮೋಡ್‌ಗಳು, ಅಂದರೆ ನಿಂತ ಅಲೆಯ ಹಲವು ವಿನ್ಯಾಸಗಳು, ಕೂತಿರುತ್ತವೆ.

ಇದಕ್ಕಿಂತ ಚೊಕ್ಕ ನಕ್ಷೆ ಬೇಕೆಂದರೆ ಅಂಗಡಿಯ ಬಿಲ್ ಕಾಗದ ಇದೆಯಲ್ಲ, ಬಿಸಿಗೆ ಕಪ್ಪಾಗುವ ಥರ್ಮಲ್ ರೋಲ್, ಅದನ್ನು ಒದ್ದೆ ಮಾಡಿ ಹಾಸಿ. ಕೆಲವೇ ಸೆಕೆಂಡಿಗೆ ಕಪ್ಪು ಮಚ್ಚೆ ಮೂಡುತ್ತವೆ. ಆಮೇಲೆ ಕೈ ತೊಳೆದುಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೆಸ್ಟರ್ ಬಲ್ಬಿನ ಪ್ರಯೋಗ. ಇದನ್ನು ಮಾತ್ರ ಲ್ಯಾಬಿಗೆಂದೇ ಇಟ್ಟ ಹಳೇ ಓವನ್ನಿನಲ್ಲಿ ಮಾಡಿ, ಅಡುಗೆಯದರಲ್ಲಿ ಬೇಡ. ಕರೆಂಟ್ ಇದೆಯಾ ನೋಡುವ ಲೈನ್ ಟೆಸ್ಟರ್ ಒಳಗೆ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ನಿಯಾನ್ ಬಲ್ಬ್ ಇರುತ್ತದೆ. ಬಿಡಿ ಬಲ್ಬುಗಳು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತವೆ. ಕಾಲುಗಳನ್ನು ಗಿಡ್ಡಕ್ಕೆ ಕತ್ತರಿಸಿ, ಒಂದಕ್ಕೊಂದು ತಾಗದ ಹಾಗೆ ದಪ್ಪ ರಟ್ಟಿನ ಮೇಲೆ ಸಾಲಾಗಿ ಚುಚ್ಚಿ. ಮೂಲೆಯಲ್ಲಿ ಒಂದು ಲೋಟ ನೀರು ಇಡಲೇಬೇಕು, ಇಲ್ಲದಿದ್ದರೆ ಪವರ್ ಎಲ್ಲಾ ಮ್ಯಾಗ್ನೆಟ್ರಾನ್‌ಗೇ ವಾಪಸ್ ಹೋಗುತ್ತದೆ. ಐದು ಸೆಕೆಂಡ್ ಸಾಕು. ಕೆಲವು ಬಲ್ಬ್ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಳ್ಳುತ್ತವೆ, ಪಕ್ಕದವು ಸುಮ್ನೆ ಕೂತಿರುತ್ತವೆ. ಹೊತ್ತಿದ ಪ್ರತಿ ಬಲ್ಬಿನೊಳಗೂ ಇರುವುದು ಪ್ಲಾಸ್ಮಾನೇ. ವೈರ್ ಇಲ್ಲ, ಸ್ವಿಚ್ ಇಲ್ಲ. ಕ್ಷೇತ್ರ ಇದ್ದಲ್ಲಿ ಉರಿ, ಇಲ್ಲದಲ್ಲಿ ಇಲ್ಲ.

ಬಲ್ಬುಗಳ ಬದಲು ಇಡೀ ಪೆಟ್ಟಿಗೆಯನ್ನೇ ಒಂದು ಬಲ್ಬ್ ಮಾಡಿ, ಅದು ಎಲ್ಲಾ ಕಡೆ ಒಂದೇ ಸಮ ಉರಿಯುವಂತೆ ಮಾಡುವುದು ಮುಂದಿನ ಕೆಲಸ.

ಹೆಜ್ಜೆ 2: ಒತ್ತಡ ಆರಿಸಿಕೊಳ್ಳಿ

ಕ್ಷೇತ್ರದಲ್ಲಿ ಸಿಕ್ಕಿದ ಎಲೆಕ್ಟ್ರಾನ್ ಸೆಕೆಂಡಿಗೆ 245 ಕೋಟಿ ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದು ಬರೀ ತೂಗುತ್ತಿದ್ದರೆ ಲಾಭ ಇಲ್ಲ. ಹೋಗುವಾಗ ಪಡೆದದ್ದನ್ನು ಬರುವಾಗ ವಾಪಸ್ ಕೊಟ್ಟುಬಿಡುತ್ತದೆ. ನಡುವೆ ಯಾವುದಾದರೂ ಪರಮಾಣುವಿಗೆ ಡಿಕ್ಕಿ ಹೊಡೆದು ತಾಳ ತಪ್ಪಿದಾಗ ಮಾತ್ರ ಶಕ್ತಿ ಅದರ ಹತ್ತಿರ ಉಳಿಯುತ್ತದೆ. ಹಾಗೆ ಕೂಡಿಟ್ಟುಕೊಂಡು 15.8 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಅಳತೆ) ಮುಟ್ಟಿದರೆ ಆರ್ಗಾನ್ ಪರಮಾಣುವಿನಿಂದ ಇನ್ನೊಂದು ಎಲೆಕ್ಟ್ರಾನ್ ಕೀಳಬಹುದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಕ್ಷಣದಲ್ಲಿ ಪ್ಲಾಸ್ಮಾ.

ಒತ್ತಡ ತೀರಾ ಕಡಿಮೆ ಇದ್ದರೆ ಡಿಕ್ಕಿಗೆ ಯಾರೂ ಸಿಗುವುದಿಲ್ಲ. ಜಾಸ್ತಿ ಇದ್ದರೆ ಎಲೆಕ್ಟ್ರಾನ್ ಶಕ್ತಿ ಕೂಡಿಸಿಕೊಳ್ಳುವ ಮೊದಲೇ ಡಿಕ್ಕಿ ಹೊಡೆದು ಕಳೆದುಕೊಳ್ಳುತ್ತದೆ. 2.45 ಗಿಗಾಹರ್ಟ್ಜ್‌ಗೆ ಕೆಲವು ಮಿಲಿಬಾರ್ ಒತ್ತಡದಲ್ಲಿ (ನಮ್ಮ ಸುತ್ತಲಿನ ಗಾಳಿಯದು ಸುಮಾರು ಸಾವಿರ ಮಿಲಿಬಾರ್) ಹೊತ್ತಿಸುವುದು ಸುಲಭ. ಅಂದರೆ ಸಾಧಾರಣ ರೋಟರಿ ಪಂಪೇ ಸಾಕು.

ಒಂದು ಎಚ್ಚರಿಕೆ. ಅನಿಲ ಎಷ್ಟು ಶಾಖ ಸಾಗಿಸುತ್ತದೆ ಅನ್ನುವುದರಿಂದ ಒತ್ತಡ ಅಳೆಯುವ ಪಿರಾನಿ ಗೇಜ್ ಸಾಮಾನ್ಯವಾಗಿ ನೈಟ್ರೋಜನ್ ಅಥವಾ ಗಾಳಿಗೆ ಹೊಂದಿಸಿದ್ದು. ಆರ್ಗಾನ್ ಶಾಖವನ್ನು ಕಡಿಮೆ ಸಾಗಿಸುವುದರಿಂದ ಗೇಜ್ ನಿಜಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಒಂದು ಮಿಲಿಬಾರ್‌ಗಿಂತ ಕೆಳಗೆ, ಅದು ತೋರಿಸಿದ್ದನ್ನು ಸುಮಾರು 1.6ರಿಂದ ಗುಣಿಸಿಕೊಳ್ಳಿ. ಒಂದು ಮಿಲಿಬಾರ್ ದಾಟಿದರೆ ಈ ಲೆಕ್ಕವೂ ಕೆಡುತ್ತದೆ, ಕೈಪಿಡಿಯ ಕೋಷ್ಟಕ ನೋಡಬೇಕು. ನಾವು ಒಂದು ತಿಂಗಳು ತಪ್ಪು ಒತ್ತಡ ಬರೆದುಕೊಂಡಿದ್ದೆವು.

ಹೆಜ್ಜೆ 3: ಕ್ಯಾವಿಟಿಯ ಅಳತೆ

ಚಿಕ್ಕ ಕೆಲಸಕ್ಕೆ ಒಂದೇ ಮೋಡ್ ಇರುವ ದುಂಡನೆ ಡಬ್ಬಿಯೇ ಒಳ್ಳೆಯದು. ನನ್ನ ಮೆಚ್ಚಿನದು ಟಿಎಂ010 ಅನ್ನುವ ಮೋಡ್. ಇದರಲ್ಲಿ ಕ್ಷೇತ್ರ ನಟ್ಟನಡುವೆ ಅಕ್ಷದ ಮೇಲೆ ಜೋರಾಗಿರುತ್ತದೆ, ಗೋಡೆಯ ಕಡೆಗೆ ಇಳಿಯುತ್ತಾ ಸೊನ್ನೆ ಆಗುತ್ತದೆ. ಮೇಲಿನಿಂದ ಕೆಳಗಿನವರೆಗೆ ಮಾತ್ರ ಒಂದೇ ಸಮ. ಉದ್ದಕ್ಕೂ ತಗ್ಗಿಲ್ಲದ ಮೋಡ್ ಇದು. ನಡುವೆ ಸಣ್ಣ ಕೊಳವೆ ಇಟ್ಟರೆ ಕೊಳವೆಯ ಉದ್ದಕ್ಕೂ ಒಂದೇ ಕ್ಷೇತ್ರ ಸಿಗುತ್ತದೆ.

ಲೆಕ್ಕ ಸುಲಭ. ತ್ರಿಜ್ಯ ಬೇಕೆಂದರೆ 2.405ನ್ನು ಬೆಳಕಿನ ವೇಗದಿಂದ ಗುಣಿಸಿ, ಎರಡು ಪೈ ಮತ್ತು ಫ್ರೀಕ್ವೆನ್ಸಿಯಿಂದ ಭಾಗಿಸಿ. 2.45 ಗಿಗಾಹರ್ಟ್ಜ್‌ಗೆ 4.68 ಸೆಂ.ಮೀ., ಅಂದರೆ ಒಳವ್ಯಾಸ ಸುಮಾರು 9.4 ಸೆಂ.ಮೀ. ಉದ್ದ ಈ ಲೆಕ್ಕದಲ್ಲೇ ಬರುವುದಿಲ್ಲ. ಹಾಗಂತ ಮನಸ್ಸಿಗೆ ಬಂದಷ್ಟು ಇಡಬಹುದಾ? ಇಲ್ಲ. ಉದ್ದ 9.5 ಸೆಂ.ಮೀ. ಆದರೆ ಟಿಇ111 ಅನ್ನುವ ಇನ್ನೊಂದು ಮೋಡ್ ಸರಿಯಾಗಿ ಅದೇ ಫ್ರೀಕ್ವೆನ್ಸಿಗೆ ಬಂದು ಕೂರುತ್ತದೆ. ಒಂದೇ ಕುರ್ಚಿಗೆ ಇಬ್ಬರು. ಆಗ ಯಾವುದು ಏಳುತ್ತದೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. 6 ಅಥವಾ 7 ಸೆಂ.ಮೀ. ಇಟ್ಟುಕೊಳ್ಳಿ.

ಇನ್ನೂ ಒಂದು ಮಾತು. ಡಬ್ಬಿಗೆ ಕ್ವಾರ್ಟ್ಜ್ ಕೊಳವೆ ತೂರಿಸಿದರೆ ರೆಸೊನೆನ್ಸ್, ಅಂದರೆ ಡಬ್ಬಿಗೆ ಒಗ್ಗುವ ಫ್ರೀಕ್ವೆನ್ಸಿ, ಕೆಳಗೆ ಇಳಿಯುತ್ತದೆ. ಒಳಗೆ ಪ್ಲಾಸ್ಮಾ ಹೊತ್ತಿದರೆ ಮೇಲಕ್ಕೆ ಏರುತ್ತದೆ. ಖಾಲಿ ಡಬ್ಬಿಗೆ ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದ್ದರೂ ಹೊತ್ತಿದ ಕ್ಷಣ ಅದು ತಪ್ಪಿ ಹೋಗುತ್ತದೆ. ಪ್ಲಾಸ್ಮಾ ಕ್ಯಾವಿಟಿಯೊಳಗೆ ಬಂದ ಅತಿಥಿ ಅಲ್ಲ, ಅದೂ ಕ್ಯಾವಿಟಿಯ ಒಂದು ಭಾಗ. ಆದ್ದರಿಂದ ಅಕ್ಷದ ಉದ್ದಕ್ಕೂ ಹೋಗಿ ಬರುವ ಒಂದು ಟ್ಯೂನಿಂಗ್ ಸ್ಕ್ರೂ ಇರಲೇಬೇಕು. ಟಿಎಂ010ಗೆ ಬರೀ ತುದಿಯ ಮುಚ್ಚಳ ಸರಿಸಿ ಟ್ಯೂನ್ ಮಾಡುತ್ತೇನೆ ಅಂದರೆ ಆಗುವುದಿಲ್ಲ, ಕಾರಣ ಮೇಲೆಯೇ ಹೇಳಿದೆ.

ಹೆಜ್ಜೆ 4: ತೂಬುಗಳನ್ನು ಹಂಚುವುದು

9 ಸೆಂ.ಮೀ. ಡಬ್ಬಿ ಸಾಲದು, ಉದ್ದನೆ ಕೊಳವೆಯೋ ಅಗಲ ತಟ್ಟೆಯೋ ಬೇಕು ಅಂದರೆ ವೇವ್‌ಗೈಡ್ (ಮೈಕ್ರೋವೇವ್ ಸಾಗಿಸುವ ಲೋಹದ ಪೊಳ್ಳು ಕೊಳವೆ) ಗೋಡೆಗೆ ಸೀಳುಗಳನ್ನು ಕೊಯ್ದು, ಅವುಗಳ ಮೂಲಕ ಪವರ್ ಹರಿಸಬೇಕು. ವೇವ್‌ಗೈಡ್ ಕಾಲುವೆ, ಸೀಳು ತೂಬು. ನಾವು ಬಳಸಿದ್ದು ಡಬ್ಲ್ಯೂಆರ್340 ಅನ್ನುವ ಅಳತೆಯ ವೇವ್‌ಗೈಡ್. ಅದರ ಒಳ ಅಳತೆ 86.4 ಮತ್ತು 43.2 ಮಿ.ಮೀ. ಅದರೊಳಗೆ ಅಲೆಯ ಉದ್ದ 12.2 ಅಲ್ಲ, ಸುಮಾರು 17.3 ಸೆಂ.ಮೀ. ಇದನ್ನು ಮರೆತು ಸೀಳು ಕೊಯ್ದವರು ಬೇಕಾದಷ್ಟು ಜನ. ನಮ್ಮ ಮೊದಲ ತುಂಡೂ ಹಾಗೇ ಗುಜರಿಗೆ ಹೋಯಿತು.

ನಮ್ಮ ಎರಡನೇ ತುಂಡಿನಲ್ಲಿ ಐದು ಸೀಳು ಇದ್ದವು, ಐದೂ ಒಂದೇ ಅಳತೆ. ಅದೇ ತಪ್ಪು. ಮೊದಲ ಸೀಳು ಬಂದ ಪವರ್‌ನ ಅರ್ಧ ಎಳೆಯುತ್ತದೆ ಅಂದುಕೊಳ್ಳಿ. ಎರಡನೆಯದಕ್ಕೆ ಉಳಿದ ಅರ್ಧದಲ್ಲಿ ಅರ್ಧ. ಮೂರನೆಯದಕ್ಕೆ ಎಂಟರಲ್ಲಿ ಒಂದು. ಐದನೆಯದರ ಹೊತ್ತಿಗೆ 32ರಲ್ಲಿ ಒಂದು ಪಾಲು. ಮಾನ್ವಿಯ ಗದ್ದೆ.

ಸಮಪಾಲು ಬೇಕೆಂದರೆ ಹೀಗೆ ಹಂಚಬೇಕು. ಮೊದಲ ಸೀಳು ತನಗೆ ಬಂದದ್ದರಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ತೆಗೆದುಕೊಳ್ಳಲಿ. ಎರಡನೆಯದು ತನಗೆ ಬಂದದ್ದರಲ್ಲಿ ನಾಲ್ಕರಲ್ಲಿ ಒಂದು. ಮೂರನೆಯದು ಮೂರರಲ್ಲಿ ಒಂದು. ನಾಲ್ಕನೆಯದು ಅರ್ಧ. ಕೊನೆಯದು ಉಳಿದದ್ದೆಲ್ಲ. ಲೆಕ್ಕ ಹಾಕಿ ನೋಡಿ, ಐವರಿಗೂ ಮೂಲದ ಐದನೇ ಒಂದು ಪಾಲೇ ಬರುತ್ತದೆ. ಕಾಗದದ ಮೇಲೆ ಇಷ್ಟು ಸುಲಭ ನೋಡಿ. ಕಾಲುವೆಯಲ್ಲಿ ಯಾಕೋ ಆಗುವುದಿಲ್ಲ!

ಸೀಳು ಎಷ್ಟು ಎಳೆಯಬೇಕು ಅನ್ನುವುದನ್ನು ನಿರ್ಧರಿಸುವುದು ಅದರ ಜಾಗ. ಅಗಲದ ಗೋಡೆಯ ನಡುಗೆರೆಯ ಮೇಲೆ ಉದ್ದುದ್ದ ಕೊಯ್ದ ಸೀಳು ಏನನ್ನೂ ಎಳೆಯುವುದಿಲ್ಲ. ನಡುಗೆರೆಯಿಂದ ಪಕ್ಕಕ್ಕೆ ಸರಿದಷ್ಟೂ ಜಾಸ್ತಿ ಎಳೆಯುತ್ತದೆ. ಸೀಳಿನ ಉದ್ದ ಸುಮಾರು 6 ಸೆಂ.ಮೀ. ಇರಲಿ. ಮೊದಲನೆಯದನ್ನು ನಡುಗೆರೆಗೆ ಹತ್ತಿರ ಇಡಿ, ಮುಂದಿನವುಗಳನ್ನು ಒಂದೊಂದಾಗಿ ದೂರ ಸರಿಸಿ. ಒಂದು ಎಡಕ್ಕೆ, ಒಂದು ಬಲಕ್ಕೆ. ನಡುವಿನ ಅಂತರ 17.3ರ ಅರ್ಧ, ಅಂದರೆ 8.7 ಸೆಂ.ಮೀ. ಆಸುಪಾಸು. ಸರಿಯಾಗಿ 8.7 ಇಟ್ಟರೆ ಐದೂ ಸೀಳುಗಳಿಂದ ವಾಪಸ್ ಬರುವ ಪುಟ್ಟ ಅಲೆಗಳು ಒಟ್ಟುಗೂಡಿಬಿಡುತ್ತವೆ. ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ಒಂದನ್ನೊಂದು ಹೊಡೆದುಹಾಕುತ್ತವೆ.

ಇನ್ನೊಂದು ದಾರಿಯೂ ಇದೆ. ಕಾಲುವೆಯ ಕೊನೆಗೆ ಒಡ್ಡು ಕಟ್ಟಿದ ಹಾಗೆ ವೇವ್‌ಗೈಡ್ ಕೊನೆಯನ್ನು ಲೋಹದ ತಟ್ಟೆಯಿಂದ ಮುಚ್ಚುವುದು. ಆಗ ಒಳಗೆ ನಿಂತ ಅಲೆ ಏಳುತ್ತದೆ. ಕೊನೆಯ ಸೀಳು ತಟ್ಟೆಯಿಂದ 4.3 ಸೆಂ.ಮೀ. ದೂರ, ಉಳಿದವು ಸರಿಯಾಗಿ 8.7ಕ್ಕೊಂದು ಇದ್ದರೆ ಎಲ್ಲವೂ ಉಬ್ಬಿನ ಮೇಲೆಯೇ ಕೂರುತ್ತವೆ. ಒಂದೇ ಅಳತೆಯ ಸೀಳಾದರೂ ಸಮಪಾಲು ಸಿಗುತ್ತದೆ. ನೋಡಲು ಚಂದ, ಆದರೆ ಮುಂಗೋಪಿ. ಮ್ಯಾಗ್ನೆಟ್ರಾನ್ ಬಿಸಿಯಾಗಿ ಫ್ರೀಕ್ವೆನ್ಸಿ ಸ್ವಲ್ಪ ಜಾರಿದರೂ ಉಬ್ಬುಗಳು ಸೀಳಿನಿಂದ ಸರಿದುಬಿಡುತ್ತವೆ. ನಮ್ಮ ಮೇ ತಿಂಗಳಿನ ಬಿಸಿಲಿಗೆ ಇದು ಹೇಳಿ ಮಾಡಿಸಿದ್ದಲ್ಲ. ಬೆಳಿಗ್ಗೆ ಸರಿಯಾಗಿದ್ದದ್ದು ಮಧ್ಯಾಹ್ನ ಕೆಟ್ಟಿರುತ್ತದೆ. ಹಾಗಾಗಿ ನಾನು ಮೊದಲ ದಾರಿಯ ಕಡೆಯವನು.

ದುಂಡನೆ ಚೇಂಬರ್ ಆದರೆ ವೇವ್‌ಗೈಡನ್ನು ಬಳೆಯ ಹಾಗೆ ಬಗ್ಗಿಸಿ ಚೇಂಬರ್ ಸುತ್ತ ಹಾಕಿ, ಒಳಮುಖಕ್ಕೆ ಸೀಳು ಕೊಡುತ್ತಾರೆ. ಸುತ್ತಲಿಂದಲೂ ಪವರ್ ಒಳಗೆ ಬರುತ್ತದೆ, ಮೇಲು ಕೆಳಗಿನ ಜಗಳ ಬಹಳಷ್ಟು ಕಡಿಮೆಯಾಗುತ್ತದೆ. ಬಳೆಯ ಸುತ್ತಳತೆಯಲ್ಲಿ ಅಲೆಗಳು ಪೂರ್ಣಸಂಖ್ಯೆಯಲ್ಲಿ ಹಿಡಿಸಬೇಕು ಅಷ್ಟೇ. ಮಾಡಿಸುವುದು ದುಬಾರಿ.

ಹೆಜ್ಜೆ 5: ಧೂಳು, ನೀರು

ಪುಸ್ತಕದಲ್ಲಿ ಇದು ಇರುವುದಿಲ್ಲ. ಸಂಡೂರು ಕಡೆಯಿಂದ ಅದಿರು ಲಾರಿ ಓಡಾಡುವ ರಸ್ತೆ ಹತ್ತಿರ ಇದ್ದರೆ ಕಿಟಕಿ ಮುಚ್ಚಿದ್ದರೂ ಸಂಜೆಗೆ ಮೇಜಿನ ಮೇಲೆ ಕೆಂಪು ಪುಡಿ ಇರುತ್ತದೆ. ಒಂದು ಸಲ ನಮ್ಮ ಪ್ಲಾಸ್ಮಾ ಬಣ್ಣ ನೇರಳೆಯಿಂದ ಗುಲಾಬಿಗೆ ತಿರುಗಿತು. ಗಾಳಿ ಒಳಗೆ ಬರುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಮೂರು ದಿನ ಹುಡುಕಿದೆವು. ಕೊನೆಗೆ ಓ-ರಿಂಗ್ (ಜಾಯಿಂಟಿನಲ್ಲಿ ಗಾಳಿ ನುಸುಳದಂತೆ ಇಡುವ ರಬ್ಬರ್ ಬಳೆ) ತೆಗೆದು ಬೆಳಕಿಗೆ ಹಿಡಿದಾಗ ಕಂಡಿತು, ರಬ್ಬರಿಗೆ ಒತ್ತಿಕೊಂಡು ಕೂತ ಒಂದೇ ಒಂದು ಕೆಂಪು ಹರಳು. ಸಾಸಿವೆ ಕಾಳಿನ ಕಾಲುಭಾಗವೂ ಇರಲಿಲ್ಲ.

ಈಗ ಪ್ರತಿ ಸಲ ಫ್ಲ್ಯಾಂಜ್ ಮುಚ್ಚುವ ಮೊದಲು ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ರಿಂಗ್ ಮತ್ತು ಅದು ಕೂರುವ ತೋಡು ಎರಡನ್ನೂ ಒರೆಸುತ್ತೇವೆ. ಆಮೇಲೆ ಪಂಪ್ ಮಾಡಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಗೇಜ್ ನೋಡುತ್ತಾ ಕೂರುತ್ತೇವೆ. ಮೊದಲು ಏರಿ ಆಮೇಲೆ ನಿಧಾನವಾದರೆ ಒಳಗೆ ತೇವ ಇದೆ. ಒಂದೇ ವೇಗದಲ್ಲಿ ಏರುತ್ತಲೇ ಇದ್ದರೆ ಲೀಕ್.

ಮ್ಯಾಗ್ನೆಟ್ರಾನ್‌ಗೂ, ವಾಪಸ್ ಬರುವ ಪವರ್ ನುಂಗುವ ಲೋಡ್‌ಗೂ ನೀರು ಬೇಕು. ಬೋರ್‌ವೆಲ್ ನೀರನ್ನು ನೇರ ಬಿಡಬೇಡಿ. ನಮ್ಮ ಕಡೆಯ ಗಡಸು ನೀರಿಗೆ ಕೊಳವೆಯೊಳಗೆ ಬಿಳಿ ಸುಣ್ಣ ಕಟ್ಟುತ್ತದೆ, ಪಾತ್ರೆಯಲ್ಲಿ ಕಟ್ಟುವ ಹಾಗೇ. ಶುದ್ಧ ನೀರು ತುಂಬಿದ ಸಣ್ಣ ಚಿಲ್ಲರ್ ಇಟ್ಟು ಅದೇ ನೀರನ್ನು ಸುತ್ತಿಸಿ.

ಹೆಜ್ಜೆ 6: ಹೊತ್ತಿಸುವುದು, ಟ್ಯೂನ್ ಮಾಡುವುದು

ಮ್ಯಾಗ್ನೆಟ್ರಾನ್ ಆದ ಮೇಲೆ ಸರ್ಕ್ಯುಲೇಟರ್ (ವಾಪಸ್ ಬರುವ ಪವರನ್ನು ಪಕ್ಕಕ್ಕೆ ತಿರುಗಿಸುವುದು), ಅದರ ಪಕ್ಕಕ್ಕೆ ನೀರಿನ ಲೋಡ್, ಆಮೇಲೆ ಡೈರೆಕ್ಷನಲ್ ಕಪ್ಲರ್ (ಹೋಗುವ, ಬರುವ ಪವರ್ ಅಳೆಯಲು), ಮೂರು ಸ್ಟಬ್ (ಒಳಕ್ಕೆ ಹೊರಕ್ಕೆ ತಿರುಗಿಸುವ ಲೋಹದ ಕಡ್ಡಿ) ಇರುವ ಟ್ಯೂನರ್, ಕೊನೆಗೆ ಕ್ಯಾವಿಟಿ. ಈ ಸಾಲು ತಪ್ಪಬಾರದು. ಸರ್ಕ್ಯುಲೇಟರ್ ಇಲ್ಲದೆ ಮಾಡಿದರೆ ಹೊತ್ತುವ ಮೊದಲು ಪವರ್ ಎಲ್ಲಾ ವಾಪಸ್ ಬಂದು ಮ್ಯಾಗ್ನೆಟ್ರಾನ್ ಸುಡುತ್ತದೆ.

ಆರ್ಗಾನ್ ಬಿಟ್ಟು ಒತ್ತಡ ನಿಲ್ಲಿಸಿ. 150 ವ್ಯಾಟಿನಿಂದ ಶುರು ಮಾಡಿ ನಿಧಾನ ಏರಿಸಿ. ಹೊತ್ತದಿದ್ದರೆ ಪವರ್ ಏರಿಸುತ್ತಾ ಹೋಗಬೇಡಿ, ಒತ್ತಡ ಬದಲಿಸಿ ನೋಡಿ. ಅದಕ್ಕೂ ಜಗ್ಗದಿದ್ದರೆ ಕಿಡಿ ಹಾರಿಸುವ ಟೆಸ್ಲಾ ಕಾಯಿಲ್‌ನ ತುದಿಯನ್ನು ಕ್ಯಾವಿಟಿಯ ಹೊರಗೆ ಚಾಚಿಕೊಂಡಿರುವ ಕ್ವಾರ್ಟ್ಜ್ ಭಾಗಕ್ಕೆ ಒಂದು ಕ್ಷಣ ತಾಗಿಸಿ. ಮೊದಲ ನಾಲ್ಕು ಎಲೆಕ್ಟ್ರಾನ್ ಸಿಕ್ಕರೆ ಸಾಕು.

ಹೊತ್ತಿದ ತಕ್ಷಣ ಕಪ್ಲರ್ ಮೀಟರ್ ಕಡೆ ಕಣ್ಣಿಡಿ. ಎಷ್ಟು ಪವರ್ ವಾಪಸ್ ಬರುತ್ತಿದೆ? ಒಂದು ಸ್ಟಬ್ ಮಾತ್ರ ತಿರುಗಿಸಿ, ಮೀಟರ್ ಎಲ್ಲಿ ತಗ್ಗುತ್ತದೋ ಅಲ್ಲಿ ಬಿಡಿ. ಆಮೇಲೆ ಇನ್ನೊಂದು. ಮತ್ತೆ ಮೊದಲನೆಯದು. ಇಬ್ಬರು ಹುಡುಗರು ಎರಡು ಸ್ಟಬ್ ಒಟ್ಟಿಗೆ ತಿರುಗಿಸಿದರೆ ಸಂಜೆಯಾದರೂ ಮುಗಿಯುವುದಿಲ್ಲ. ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ವಾಪಸ್ ಬಂದರೆ ಕೆಲಸಕ್ಕೆ ಸಾಕು.

ಒಮ್ಮೆ ಹೊತ್ತಿದ ಮೇಲೆ ಪವರನ್ನು ಹೊತ್ತಿಸಿದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಇಳಿಸಬಹುದು, ಆರುವುದಿಲ್ಲ. ಹೊಸಬರು ಇಳಿಸಿ ನೋಡುವುದೇ ಇಲ್ಲ.

ಹೆಜ್ಜೆ 7: ಸಮ ಮಾಡುವುದು

ಪವರ್ ಏರಿಸಿದರೆ ಯಾಕೆ ಸಮವಾಗುವುದಿಲ್ಲ? ಘನ ಸೆಂಟಿಮೀಟರಿಗೆ ಎಲೆಕ್ಟ್ರಾನ್‌ಗಳ ಸಂಖ್ಯೆ ಸುಮಾರು 7,400 ಕೋಟಿ ದಾಟಿದರೆ, 2.45 ಗಿಗಾಹರ್ಟ್ಜ್ ಅಲೆ ಪ್ಲಾಸ್ಮಾದೊಳಗೆ ಸಾಗುವುದಿಲ್ಲ. ಕನ್ನಡಿಗೆ ಬಿದ್ದ ಬೆಳಕಿನ ಹಾಗೆ ವಾಪಸ್ ಬರುತ್ತದೆ. ಲಕ್ಷ ಕೋಟಿ ಮುಟ್ಟಿದರೆ ಅಲೆ ಒಳಗಿಳಿಯುವುದು 5 ಮಿ.ಮೀ. ಮಾತ್ರ. ಜಾಸ್ತಿ ಪವರ್ ಕೊಟ್ಟಷ್ಟೂ ಅಲೆ ಒಳಗೆ ಬರುವ ಕಡೆಯ ಪ್ಲಾಸ್ಮಾ ದಟ್ಟವಾಗಿ, ಹಿಂದಿನವರಿಗೆ ಅಡ್ಡ ನಿಲ್ಲುತ್ತದೆ.

ಹಾಗಾದರೆ ಒಳಭಾಗ ತುಂಬುವುದು ಹೇಗೆ? ಅಂಚಿನಲ್ಲಿ ಹುಟ್ಟಿದ ಎಲೆಕ್ಟ್ರಾನ್ ಮತ್ತು ಅಯಾನುಗಳು ಹರಡಿಕೊಂಡು ಒಳಗೆ ಹೋಗಬೇಕು. ಅದಕ್ಕೆ ಒತ್ತಡ ಕಡಿಮೆ ಬೇಕು. ಒಂದು ಮಿಲಿಬಾರ್‌ಗಿಂತ ಕೆಳಗೆ ಹೋದರೆ ಉಬ್ಬುತಗ್ಗುಗಳ ಗುರುತು ಮಾಸಿ ಬೆಳಕು ಮಂಜಿನ ಹಾಗೆ ತುಂಬಿಕೊಳ್ಳುತ್ತದೆ. ಹತ್ತಾರು ಮಿಲಿಬಾರ್‌ಗೆ ಏರಿಸಿದರೆ ಅದೇ ಪ್ಲಾಸ್ಮಾ ಕುಗ್ಗಿ, ಉಬ್ಬಿದ್ದಲ್ಲಿ ಉಂಡೆ ಕಟ್ಟಿ ಕೂರುತ್ತದೆ. ಹೊತ್ತಿಸಲು ಒಂದು ಒತ್ತಡ, ಹರಡಲು ಇನ್ನೊಂದು. ನಾವು ಎರಡು ಮಿಲಿಬಾರ್‌ನಲ್ಲಿ ಹೊತ್ತಿಸಿ ಅರ್ಧಕ್ಕಿಂತ ಕೆಳಗೆ ಇಳಿಸುತ್ತೇವೆ.

ಉಂಡೆಯೇ ಬೇಕಾದ ಕೆಲಸವೂ ಇದೆ. ಬಳ್ಳಾರಿಯಿಂದ ಗಡಿ ದಾಟಿದರೆ ಅನಂತಪುರ ಜಿಲ್ಲೆಯ ವಜ್ರಕರೂರು. ಮೊದಲ ಮಳೆ ಬಿದ್ದ ಮೇಲೆ ಹೊಲದಲ್ಲಿ ವಜ್ರ ಹುಡುಕುತ್ತಾ ತಲೆಬಗ್ಗಿಸಿ ಓಡಾಡುವವರನ್ನು ಆ ಕಡೆ ನೋಡಬಹುದು. ಅದೇ ವಜ್ರವನ್ನು ಈಗ ಮೈಕ್ರೋವೇವ್ ಕ್ಯಾವಿಟಿಯಲ್ಲಿ ಬೆಳೆಸುತ್ತಾರೆ. ಹೈಡ್ರೋಜನ್, ಅದರಲ್ಲಿ ಶೇಕಡ ಕೆಲವೇ ಭಾಗ ಮೀಥೇನ್, ಕೆಳಗೆ ಬಿತ್ತನೆಯ ಹರಳು, ಮೇಲೆ ಪ್ಲಾಸ್ಮಾದ ಉಂಡೆ. ಉಂಡೆ ಹರಳುಗಳನ್ನು ಸಮನಾಗಿ ಮುಚ್ಚದಿದ್ದರೆ ನಡುವಿನ ಹರಳು ಒಂದು ವೇಗಕ್ಕೆ, ಅಂಚಿನದು ಇನ್ನೊಂದು ವೇಗಕ್ಕೆ ಬೆಳೆಯುತ್ತವೆ. ಹಾಗಾಗಿ ಅಲ್ಲೂ ಇದೇ ತಲೆನೋವು.

ಒತ್ತಡದಿಂದಲೂ ಸರಿಹೋಗದಿದ್ದರೆ ವಾರಬಂದಿ. ಇವತ್ತು ಈ ತೂಬು, ನಾಳೆ ಆ ತೂಬು ಅಂತ ಸರದಿ ಹಾಕುತ್ತಾರಲ್ಲ, ಅದೇ. ಎರಡು ಕಡೆಯಿಂದ ಎರಡು ಮ್ಯಾಗ್ನೆಟ್ರಾನ್ ಇಟ್ಟು ಸರದಿಯಲ್ಲಿ ಓಡಿಸಬಹುದು. ಲೋಹದ ರೆಕ್ಕೆ ತಿರುಗಿಸಿ ಉಬ್ಬುಗಳನ್ನು ಅಲೆದಾಡಿಸಬಹುದು. ಇಲ್ಲಾ, ಮಾದರಿಯನ್ನೇ ತಿರುಗಿಸಬಹುದು. ಓವನ್ನಿನ ತಿರುಗುವ ತಟ್ಟೆ ಇರುವುದೇ ಇದಕ್ಕೆ. ಕ್ಷೇತ್ರ ಸಮ ಆಗುವುದಿಲ್ಲ, ಹಪ್ಪಳದ ಪಾಲಿಗೆ ಸರಾಸರಿ ಸಮ ಆಗುತ್ತದೆ.

ಓವನ್ ಮಾದರಿಯ ಪವರ್ ಸಪ್ಲೈ ಬಳಸುತ್ತಿದ್ದರೆ ಒಂದು ಮಾತು ನೆನಪಿರಲಿ. ಅದು ನಮ್ಮ 50 ಹರ್ಟ್ಜ್ ಕರೆಂಟಿಗೆ ಸೆಕೆಂಡಿಗೆ 50 ಸಲ ಆನ್ ಆಗಿ ಆಫ್ ಆಗುತ್ತದೆ. ಆಫ್ ಇರುವಾಗ ಪ್ಲಾಸ್ಮಾ ಆರುತ್ತದೆ, ಮತ್ತೆ ಸುಲಭ ಇರುವ ಜಾಗದಲ್ಲೇ ಹೊತ್ತುತ್ತದೆ. ಸ್ಟಬ್ ಎಷ್ಟು ತಿರುಗಿಸಿದರೂ ಮೀಟರ್ ನಿಲ್ಲುವುದಿಲ್ಲ. ನಯವಾದ ಡಿಸಿ ಸಪ್ಲೈ ಹಾಕಿದ ದಿನ ನಮ್ಮ ಅರ್ಧ ತೊಂದರೆ ಹೋಯಿತು.

ಹೆಜ್ಜೆ 8: ಸಮ ಆಗಿದೆಯಾ, ಅಳೆಯಿರಿ

ಕಣ್ಣು ನಂಬಬೇಡಿ, ಮೊಬೈಲ್ ಕ್ಯಾಮೆರಾವನ್ನಂತೂ ನಂಬಲೇಬೇಡಿ. ಅದು ಕತ್ತಲನ್ನು ತಾನಾಗೇ ಬೆಳಗಿಸಿ ಎಲ್ಲಾ ಚೆನ್ನಾಗಿದೆ ಅನ್ನಿಸುತ್ತದೆ. ಫೋಟೋ ಬೇಕೇ ಬೇಕು ಅಂದರೆ ಎಕ್ಸ್‌ಪೋಷರ್ ಲಾಕ್ ಮಾಡಿ.

ಅಗ್ಗದ ವಿಧಾನ ಮಾರ್ಕರ್ ಪೆನ್ನು. ಒಂಬತ್ತು ಗಾಜಿನ ಸ್ಲೈಡುಗಳ ಮೇಲೆ ಪರ್ಮನೆಂಟ್ ಮಾರ್ಕರಿನಿಂದ ಒಂದೇ ದಪ್ಪದ ಗೆರೆ ಎಳೆದು ಒಳಗೆ ಜೋಡಿಸಿ. ಈ ಪರೀಕ್ಷೆಗೆ ಆರ್ಗಾನ್ ಬದಲು ಗಾಳಿಯ ಪ್ಲಾಸ್ಮಾ ಬಳಸಿ. ಅದರ ಆಕ್ಸಿಜನ್ ಶಾಯಿಯನ್ನು ತಿಂದುಹಾಕುತ್ತದೆ. ಶುದ್ಧ ಆಕ್ಸಿಜನ್ ಬೇಡ, ಸಾಧಾರಣ ಎಣ್ಣೆ ಪಂಪಿನೊಳಗೆ ಅದು ಬೆಂಕಿಗೆ ದಾರಿ. ಪಂಪಿನ ಹೊಗೆಯನ್ನು ಪೈಪ್ ಹಾಕಿ ಹೊರಗೆ ಬಿಡಿ. ಯಾವ ಸ್ಲೈಡಿನ ಗೆರೆ ಎಷ್ಟು ಸೆಕೆಂಡಿಗೆ ಮಾಯವಾಯಿತು ಬರೆದುಕೊಳ್ಳಿ. ಜಾಸ್ತಿಯದರಿಂದ ಕಡಿಮೆಯದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿ, ನೂರರಿಂದ ಗುಣಿಸಿ. 60 ಮತ್ತು 40 ಸೆಕೆಂಡ್ ಬಂದರೆ ಶೇ. 20. ಅಂದರೆ ಸರಾಸರಿಯಿಂದ ಆಚೀಚೆ 20 ಪಾಲು ವ್ಯತ್ಯಾಸ.

ನಮ್ಮೂರಿಗೆ ಒಪ್ಪುವ ಇನ್ನೊಂದು ವಿಧಾನ ಹುಡುಗರದ್ದೇ ಐಡಿಯಾ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರ ಇಲ್ಲ, ಕಟಿಂಗ್ ಚೂರುಗಳಿಗಂತೂ ಇಲ್ಲವೇ ಇಲ್ಲ. ಕಡುನೀಲಿಯ ಉದ್ದನೆ ಪಟ್ಟಿಯೊಂದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಕೊಳವೆಯ ಉದ್ದಕ್ಕೂ ಹಾಸಿದೆವು. ಬಟ್ಟೆಯಲ್ಲಿ ಉಳಿದ ತೇವ ಹೊರಗೆ ಹೋಗುವವರೆಗೆ ಪಂಪ್ ಜಾಸ್ತಿ ಹೊತ್ತು ಓಡಬೇಕು, ಅದೊಂದೇ ಕಿರಿಕಿರಿ. ಪ್ಲಾಸ್ಮಾ ದಟ್ಟ ಇದ್ದಲ್ಲಿ ನೀಲಿ ಮಾಸುತ್ತದೆ. ಹಳೇ ಸೀಳಿನ ಪಟ್ಟಿಯ ಒಂದು ತುದಿ ಹತ್ತು ವರ್ಷ ತೊಟ್ಟ ಪ್ಯಾಂಟಿನ ಮೊಣಕಾಲಿನ ಹಾಗಿತ್ತು, ಇನ್ನೊಂದು ತುದಿ ಹೊಸದು. ಹೊಸ ಸೀಳಿನ ಪಟ್ಟಿಯಲ್ಲಿ ಮೊದಲ ನಾಲ್ಕು ಜಾಗ ಒಂದೇ ಬಣ್ಣ. ಐದನೆಯದು ಇನ್ನೂ ಒಂದು ಛಾಯೆ ಗಾಢ. ಅಟೆಂಡರ್ ಎರಡೂ ಪಟ್ಟಿ ಪಕ್ಕಪಕ್ಕ ಹಿಡಿದು ನೋಡಿ, "ಕೊನಿಗಿ ನೀರು ಮುಟ್ಟೈತಿ, ಇನ್ನಾ ಸ್ವಲ್ಪ ಬಿಡ್ರಿ" ಅಂದರು. ಐದನೇ ಸೀಳನ್ನು ನಡುಗೆರೆಯಿಂದ ಇನ್ನೆರಡು ಮಿ.ಮೀ. ದೂರ ಕೊಯ್ಯಲು ಹೊಸ ತಟ್ಟೆ ವರ್ಕ್‌ಶಾಪಿಗೆ ಹೋಗಿದೆ.

ಆರಿಸುವಾಗ

ಮೊದಲು ಮೈಕ್ರೋವೇವ್ ಸೊನ್ನೆಗೆ ಇಳಿಸಿ, ಆಮೇಲೆ ಹೈವೋಲ್ಟೇಜ್ ಆಫ್. ನೀರು ಮತ್ತು ಫ್ಯಾನ್ ಇನ್ನೂ ಹತ್ತು ನಿಮಿಷ ಓಡಲಿ. ಗ್ಯಾಸ್ ವಾಲ್ವ್ ಮುಚ್ಚಿ. ಕ್ವಾರ್ಟ್ಜ್ ಮುಟ್ಟಿದರೆ ಕೈ ಸುಡದಷ್ಟು ತಣ್ಣಗಾದ ಮೇಲೆ ಚೇಂಬರ್ ಮತ್ತು ಪಂಪಿನ ನಡುವಿನ ವಾಲ್ವ್ ಮುಚ್ಚಿ, ಪಂಪ್ ಆಫ್ ಮಾಡಿ, ಪಂಪಿನ ಬಾಯಿಗೆ ಗಾಳಿ ಬಿಡಿ. ಗಾಳಿ ಬಿಡದೆ ಹೋದರೆ ಪಂಪಿನ ಎಣ್ಣೆ ಮೇಲಕ್ಕೆ ಏರಿ ಪೈಪಿಗೆ ಬರುತ್ತದೆ. ಕರೆಂಟ್ ದಿಢೀರ್ ಹೋದಾಗ ಆಗುವುದೂ ಇದೇ, ಆದ್ದರಿಂದ ಕರೆಂಟ್ ಹೋದ ತಕ್ಷಣ ಯಾರು ಆ ವಾಲ್ವಿಗೆ ಓಡಬೇಕು ಅನ್ನುವುದನ್ನು ಬೆಳಿಗ್ಗೆಯೇ ಹೇಳಿಟ್ಟಿರಿ.